ಚದರಡಿಗೆ ಐವತ್ತೈದು

ನಮ್ಮ ಬೀದಿಯಲ್ಲಿ ಯಾರಾದರೂ ಮನೆಗೆ ಟೈಲ್ಸ್ ಹಾಕಿಸುವ ಯೋಚನೆ ಮಾಡಿದರೆ ಮೊದಲು ನಮ್ಮ ಮನೆಗೆ ಬರುತ್ತಾರೆ. ಚಪ್ಪಲಿ ಬಿಟ್ಟು ಹಾಲಿನಲ್ಲಿ ನಾಲ್ಕು ಹೆಜ್ಜೆ ನಡೆದು, ಅಡುಗೆಮನೆಯವರೆಗೆ ಕಣ್ಣು ಹಾಯಿಸಿ, ಅಂಗಾಲಿನಿಂದ ನೆಲವನ್ನೊಮ್ಮೆ ಸವರಿ, ಆಮೇಲೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಹಾಕಿದವರು ಚದರಡಿಗೆ ಎಷ್ಟು ತಗೊಂಡರು? ಹೋದ ವಾರ ಎದುರು ಮನೆಯವರೂ ಅದನ್ನೇ ಕೇಳಿದರು. ಐವತ್ತೈದು ಅಂದೆ. ಅವರ ಹುಬ್ಬು ಮೇಲೆ ಹೋಯಿತು. ಜಾಸ್ತಿಯಾಯಿತು ಎಂದು ಅವರು ಹೇಳುವ ಮೊದಲೇ, ಆ ಮನುಷ್ಯ ಈಗ ಕೆಲಸ ಬಿಟ್ಟಿದ್ದಾರೆ, ಮಂಡಿ ಹೋಗಿದೆ ಎಂದು ಸೇರಿಸಿದೆ. ಎದುರು ಮನೆಯವರ ಆಸಕ್ತಿ ಅಲ್ಲಿಗೆ ಮುಗಿಯಿತು. ನನ್ನದು ಮುಗಿಯಲಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ ಟೈಲ್ಸಿನವರ ಹೆಸರು ಹಾಕುವುದಿಲ್ಲ. ಹಾಕಿದರೆ 'ಇವೆಲ್ಲಾ ಯಾಕ್ ಸಾರ್' ಎಂದು ಆರು ತಿಂಗಳು ಫೋನ್ ಎತ್ತದೆ ಇರುವ ಆಸಾಮಿ.

ನಾನು ಅವರನ್ನು ಮೊದಲು ಕಂಡಾಗ ಅವರ ಕೈಗೆ ಮೆತ್ತಿಕೊಂಡಿದ್ದು ಸಿಮೆಂಟಲ್ಲ, ಲೇತ್ ಮೆಷಿನ್ನಿನ ಎಣ್ಣೆ. ಮೇಟಗಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಇಬ್ಬರೂ ಇದ್ದೆವು. ಅದರ ಗೇಟಿಗೆ ಬೀಗ ಬಿದ್ದು ವರ್ಷಗಳೇ ಆದವು. ಅವರು ಟರ್ನರ್, ನಾನು ಇನ್‌ಸ್ಪೆಕ್ಷನ್. ಅವರು ಕಬ್ಬಿಣದ ಬಿಲ್ಲೆಗಳಿಗೆ ತೂತು ಕೊರೆದು ಟ್ರೇಯಲ್ಲಿ ಜೋಡಿಸಿ ತಂದಿಡುವುದು, ನಾನು ಗೇಜ್ ಹಾಕಿ ನೋಡಿ ಪಾಸ್ ಅಥವಾ ರಿಜೆಕ್ಟ್ ಅನ್ನುವುದು. ರಿಜೆಕ್ಟ್ ಆದದ್ದಕ್ಕೆ ಕೆಂಪು ಬಣ್ಣ ಬಳಿಯುತ್ತಿದ್ದೆ. ಇಡೀ ಶಾಪಿನಲ್ಲಿ ನನ್ನನ್ನು ಕಂಡರೆ ಆಗುತ್ತಿದ್ದವರು ಕಡಿಮೆ. ಕುಂಕುಮದ ಭಟ್ಟರು ಎಂದು ನನಗೊಂದು ಹೆಸರಿಟ್ಟಿದ್ದರು. ನಾನೂ ಏನು ಕಡಿಮೆ ಇರಲಿಲ್ಲ. ಆ ಹೆಸರು ಕೇಳಿ ಒಳಗೊಳಗೇ ಬೀಗುತ್ತಿದ್ದೆ.

ಅವರು ಮಾತ್ರ ವಾದಕ್ಕೆ ಬರುತ್ತಿರಲಿಲ್ಲ. ಟ್ರೇ ಇಟ್ಟು, ಹತ್ತಿಬಟ್ಟೆಯಲ್ಲಿ ಕೈ ಒರೆಸಿಕೊಂಡು, ಎರಡು ಹೆಜ್ಜೆ ಹಿಂದೆ ನಿಲ್ಲುವರು. ನೋಡಿ ಮುಗಿಯುವ ತನಕ ಅಲ್ಲಾಡುತ್ತಿರಲಿಲ್ಲ. ಮುಗಿದ ಮೇಲೆ 'ಸರಿ ಸಾರ್' ಎಂಬ ಒಂದು ಮಾತು. ಬೇರೆಯವರು ಟೀ ಹೊತ್ತಿಗೆ ಹದಿನೈದು ನಿಮಿಷ ಎಳೆದರೆ ಇವರು ಹತ್ತೇ ನಿಮಿಷಕ್ಕೆ ಮೆಷಿನ್ ಮುಂದೆ ಇರುತ್ತಿದ್ದರು. ಜೇಬಿನಲ್ಲಿ ಯಾವಾಗಲೂ ಬೇರಿಂಗಿನ ಒಂದು ಉಕ್ಕಿನ ಗುಂಡು ಇರುತ್ತಿತ್ತು. ಮೆಷಿನ್ ಮಟ್ಟವಾಗಿ ಕೂತಿದೆಯೋ ಇಲ್ಲವೋ ಎಂದು ಅದನ್ನು ಬಿಟ್ಟು ನೋಡುವರು. ಉರುಳಿದರೆ ಮುಖ ಸಣ್ಣದಾಗುತ್ತಿತ್ತು, ನಿಂತರೆ ಹಲ್ಲು ಕಾಣುತ್ತಿತ್ತು.

ಒಂದು ತಿಂಗಳ ಕೊನೆಯಲ್ಲಿ ನಾನು ಅವರ ಒಂದು ಟ್ರೇಯನ್ನು ಪೂರ್ತಿ ರಿಜೆಕ್ಟ್ ಮಾಡಿದೆ. ನಮ್ಮ ಗೇಜಿಗೆ ಎರಡು ತುದಿ. ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ಹೋಗಬಾರದು. ಹೋಗಬಾರದ ತುದಿ ಒಳಗೆ ಹೋಯಿತು ಅಂದರೆ ತೂತು ದೊಡ್ಡದಾಗಿದೆ, ಬಿಲ್ಲೆ ಗುಜರಿಗೆ ಎಂದರ್ಥ. ಆವತ್ತು ಅದು ಒಂದಾದ ಮೇಲೊಂದರಂತೆ ಎಲ್ಲದಕ್ಕೂ ಹೋಯಿತು. ಎಲ್ಲಕ್ಕೂ ಕೆಂಪು ಬಳಿದೆ. ಶಾಪಿನ ಬೋರ್ಡಿನ ಮೇಲೆ ಅವರ ಹೆಸರಿನ ಮುಂದೆ ಕೆಂಪು ಅಂಕಿ ಬಿತ್ತು, ಆ ವರ್ಷ ಬರಬೇಕಿದ್ದ ಬಡ್ತಿ ಬರಲಿಲ್ಲ. ಆವತ್ತೂ ಅವರು ಅಂದದ್ದು 'ಸರಿ ಸಾರ್' ಎಂದೇ.

ಎರಡು ದಿನ ಬಿಟ್ಟು ನನಗೆ ಗೊತ್ತಾಯಿತು, ಸವೆದಿದ್ದು ಗೇಜು. ಆ ತುದಿ ಕೂದಲೆಳೆಯಷ್ಟು ಸಣ್ಣದಾಗಿ, ಸರಿಯಿದ್ದ ತೂತಿಗೂ ಹೊಕ್ಕುಬಿಡುತ್ತಿತ್ತು. ನಾನು ಯಾರಿಗೂ ಹೇಳಲಿಲ್ಲ. ಹಳೇ ಗೇಜನ್ನು ಸದ್ದಿಲ್ಲದೆ ವಾಪಸ್ ಕಳಿಸಿ ಹೊಸದು ತರಿಸಿಕೊಂಡೆ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುವಷ್ಟರಲ್ಲಿ ಕಾರ್ಖಾನೆಯಲ್ಲಿ ಆಳು ಕಡಿಮೆ ಮಾಡುವ ಗಲಾಟೆ ಶುರುವಾಗಿ, ಅವರು ಕೊಟ್ಟಷ್ಟು ಹಣ ತೆಗೆದುಕೊಂಡು ಹೊರಟೇಹೋದರು. ನಾನು ನಿವೃತ್ತಿಯವರೆಗೂ ಎಳೆದೆ. ನಿವೃತ್ತಿಯ ಸಮಾರಂಭದಲ್ಲಿ ಯಾರೋ ನನ್ನನ್ನು ತಕ್ಕಡಿಗೆ ಹೋಲಿಸಿ ಮಾತಾಡಿದರು. ಹಾರ ಹಾಕಿಕೊಂಡು ಕೂತು ಕೇಳಿದೆ.

ಈಗ ಮನೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆ ಮೂರು ಸಾಲದಲ್ಲಿ ಮೂರು ಕಂತಾಗಿ ಕಟ್ಟಿದ್ದು. ಹಾಲಿಗೆ ರೆಡ್ ಆಕ್ಸೈಡ್, ರೂಮಿಗೆ ಮೊಸಾಯಿಕ್, ಅಡುಗೆಮನೆಗೆ ಕಡಪ ಕಲ್ಲು. ಒಂದೊಂದು ನೆಲ ಒಂದೊಂದು ಎತ್ತರ. ಹಾಲಿನಿಂದ ರೂಮಿಗೆ ಒಂದಿಂಚು ಹತ್ತಬೇಕು, ಅಡುಗೆಮನೆಗೆ ಮೂರಿಂಚು. ಜೀವನವಿಡೀ ಅಳತೆ ಹಿಡಿದವನ ಮನೆ ಹೇಗಿದೆ ನೋಡಿ ಎಂದು ನನ್ನ ಹೆಂಡತಿ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ಆ ಒಂದಿಂಚಿಗೇ ಎಡವಿ ಒಂದು ಬೆಳಿಗ್ಗೆ ಬಿದ್ದಳು. ಸೊಂಟದ ಮೂಳೆ ಮುರಿಯಿತು.

ಆಪರೇಷನ್ ಆಯಿತು. ಡಾಕ್ಟರು ವಾಕರ್ ಹಿಡಿಸಿ ಕಳಿಸುವಾಗ ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದು, ಮನೆಯ ನೆಲ ಒಂದೇ ಮಟ್ಟಕ್ಕೆ ತನ್ನಿ, ಇನ್ನೊಂದು ಸಲ ಬಿದ್ದರೆ ಇವರು ಮತ್ತೆ ಎದ್ದು ನಡೆಯುತ್ತಾರೆಂದು ನಾನು ಹೇಳಲಾರೆ ಅಂದರು. ಅಲ್ಲಿಂದ ಅವಳನ್ನು ಅಗ್ರಹಾರದಲ್ಲಿದ್ದ ಅವಳ ಅಕ್ಕನ ಮನೆಗೆ ಕರೆದೊಯ್ದೆ. ದಿನಾ ಸಂಜೆ ಹೋಗಿ ನೋಡಿ ಬರುತ್ತಿದ್ದೆ. ಅವಳು ಕೇಳುತ್ತಿದ್ದುದು ಎರಡೇ. ಶ್ರಾವಣದ ಮೊದಲ ಶುಕ್ರವಾರದ ಹೊತ್ತಿಗೆ ನನ್ನ ಮನೆಗೆ ಬರಬಹುದಾ? ಮತ್ತೆ, ಏನು ಬೇಕಾದರೂ ಮಾಡಿಸಿ, ಬಾಗಿಲ ಹೊಸ್ತಿಲು ಮಾತ್ರ ಕೀಳಿಸಬೇಡಿ. ಮದುವೆಯಾಗಿ ಬಂದಾಗಿನಿಂದ ಶುಕ್ರವಾರ ತಪ್ಪದೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದವಳು. ಆ ಹೊಸ್ತಿಲೋ ಮೂರಿಂಚು ಎತ್ತರದ ಮರದ ದಿಮ್ಮಿ. ವಾಕರ್ ಅದನ್ನು ದಾಟುವುದು ಹೇಗೆಂದು ನನಗೆ ಹೊಳೆಯಲಿಲ್ಲ.

ಟೈಲ್ಸ್ ಅಂಗಡಿಯವರು ಕಳಿಸಿದ ಮನುಷ್ಯ ಮೊದಲು ಬಂದ. ಟೇಪು ಹಿಡಿದು ಐದೇ ನಿಮಿಷದಲ್ಲಿ ಅಳೆದು, ಚದರಡಿಗೆ ಇಪ್ಪತ್ತೆಂಟು ಅಂದ. ನನಗೆ ಖುಷಿಯಾಯಿತು. ಆದರೂ ಇನ್ನೊಬ್ಬರನ್ನು ಕೇಳೋಣವೆಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ನಂಬರ್ ತೆಗೆದುಕೊಂಡು ಫೋನ್ ಮಾಡಿ, ಹೆಂಡತಿ ಬಿದ್ದು ವಾಕರ್ ಹಿಡಿದಿರುವುದನ್ನೂ ಹೇಳಿದೆ. ಮಾರನೇ ದಿನ ಒಂದು ಹಳೇ ಮೊಪೆಡ್ ಗೇಟಿನ ಮುಂದೆ ನಿಂತಿತು. ತಲೆ ಪೂರ್ತಿ ಬೆಳ್ಳಗಾಗಿತ್ತು, ಆದರೆ ಕೈ ಒರೆಸಿಕೊಂಡು ಎರಡು ಹೆಜ್ಜೆ ಹಿಂದೆ ನಿಂತ ರೀತಿಯಲ್ಲೇ ಗುರುತು ಹತ್ತಿತು.

"ಇನ್‌ಸ್ಪೆಕ್ಷನ್ ಸಾರ್ ಅಲ್ವಾ," ಅಂದರು. ನಾನು ಗೇಟು ತೆರೆದೆ.

ಅವರು ಟೇಪು ತೆಗೆಯಲೇ ಇಲ್ಲ. ಅಮ್ಮಾವ್ರು ಬಿದ್ದದ್ದು ಎಲ್ಲಿ ಎಂದು ಕೇಳಿದರು. ತೋರಿಸಿದೆ. ಅಲ್ಲಿ ಮಂಡಿಯೂರಿ ಕೂತು ಆ ಒಂದಿಂಚನ್ನು ಹೆಬ್ಬೆರಳಿನಿಂದ ಸವರಿದರು. ಜೇಬಿನಿಂದ ಅದೇ ಉಕ್ಕಿನ ಗುಂಡು ಬಂತು. ಹಾಲಿನ ನಡುವೆ ಬಿಟ್ಟರು. ಅದು ಅವಸರವಿಲ್ಲದೆ ಉರುಳಿಕೊಂಡು ಹೋಗಿ ಟಿವಿ ಸ್ಟ್ಯಾಂಡಿನ ಕೆಳಗೆ ಸೇರಿತು. ಆಮೇಲೆ, ವಾಕರ್ ಹಿಡಿದಾಗ ಅಮ್ಮಾವ್ರು ಮೊದಲು ಇಡುವುದು ಯಾವ ಕಾಲು ಎಂದು ಕೇಳಿದರು. ಇಷ್ಟು ವರ್ಷ ಸಂಸಾರ ಮಾಡಿದ ನನಗೆ ಗೊತ್ತಿರಲಿಲ್ಲ. ಹೆಂಡತಿಗೇ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಅವಳು ಎಡಗಾಲು ಎಂದು ಹೇಳಿ, ಅದೇ ಉಸಿರಿನಲ್ಲಿ ಹೊಸ್ತಿಲಿನ ಮಾತನ್ನೂ ಎತ್ತಿದಳು.

"ನಮ್ಮನೇಲಿ ಪೂಜೆ ಗೀಜೆ ಇಲ್ಲ ಕಣಮ್ಮ, ಗೋಡೇಲಿ ಬುದ್ಧನ ಫೋಟೋ ಒಂದೈತೆ ಅಷ್ಟೇ," ಅಂದರು. "ಆದ್ರೂ ನಮ್ಮವ್ವ ಹೊಸ್ತಿಲು ತುಳ್ಯಾಕೆ ಬುಡ್ತಿರಲಿಲ್ಲ. ಅದು ಅಲ್ಲೇ ಇರ್ಲಿ. ಎಡವೋದನ್ನ ಮಾತ್ರ ತೆಗೀತೀನಿ."

ಫೋನ್ ಇಟ್ಟ ಮೇಲೆ ರೇಟು ಕೇಳಿದೆ.

"ಐವತ್ತೈದು ಆಯ್ತದೆ ಸಾರ್. ಆಮೇಲೆ ನನ್ ಬಾಯಿಂದ ದುಡ್ಡಿನ್ ಮಾತು ಬರಕಿಲ್ಲ."

ಇಪ್ಪತ್ತೆಂಟೆಲ್ಲಿ, ಐವತ್ತೈದೆಲ್ಲಿ. ಯೋಚಿಸಿ ಹೇಳುತ್ತೇನೆ ಎಂದು ಕಳಿಸಿಕೊಟ್ಟೆ. ಗೇಟು ಹಾಕಿಕೊಂಡು ಬಂದು ಕೂತರೆ ತಲೆಯಲ್ಲಿ ಒಂದೇ ಮಾತು: ಆ ಟ್ರೇಯ ಲೆಕ್ಕವನ್ನು ಈ ಮನುಷ್ಯ ಈಗ ನನ್ನ ನೆಲದ ಮೇಲೆ ವಸೂಲು ಮಾಡುತ್ತಿದ್ದಾರೆ. ಹೀಗೆ ಅನ್ನಿಸಿದ್ದಕ್ಕೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಸಿಟ್ಟು ಬಂತು. ತಪ್ಪು ಮಾಡಿದವನಿಗೆ ಬರುವ ಸಿಟ್ಟು ಬಹಳ ಗಟ್ಟಿ.

ಇಪ್ಪತ್ತೆಂಟರವನನ್ನೇ ಕರೆಸಿದೆ. ಕೆಲಸ ಯಾವಾಗ ಶುರು ಎಂದು ಕೇಳಿದ್ದಕ್ಕೆ ಅವನು ಬೆರಳು ಮಡಚತೊಡಗಿದ. ಹಳೇ ಕಲ್ಲು ಕೀಳುವುದು ಬೇರೆ, ಒಡೆದದ್ದನ್ನು ಸಾಗಿಸುವುದು ಬೇರೆ, ಗೋಡೆಯ ಬುಡಕ್ಕೆ ಪಟ್ಟಿ ಹಾಕುವುದು ಬೇರೆ, ದೊಡ್ಡ ಸೈಜಿನ ಟೈಲ್ಸ್ ಆದರೆ ಅದಕ್ಕೆ ಬೇರೆ, ನೆಲ ಏರಿಸುವುದಕ್ಕೆ ಎಷ್ಟು ಎಂದು ಕೆಲಸ ಶುರುವಾದ ಮೇಲೆ ನೋಡಿಕೊಂಡು ಹೇಳುವುದು. ನಾನು ಪೇಪರಿನ ಅಂಚಿನಲ್ಲಿ ಕೂಡುತ್ತಾ ಹೋದೆ. ಐವತ್ತನ್ನು ದಾಟಿ ನಿಂತಿತು, ಅದೂ ನೋಡಿಕೊಂಡು ಹೇಳುವ ಬಾಬತ್ತನ್ನು ಬಿಟ್ಟು. ಅಷ್ಟಾದರೂ ಒಪ್ಪಿಬಿಡುತ್ತಿದ್ದೆನೋ ಏನೋ. ಆದರೆ ಅವನು ರೂಮಿನ ಬಾಗಿಲ ಹತ್ತಿರ ನಿಂತು, ಆ ಮೆಟ್ಟಿಲನ್ನು ಚಪ್ಪಲಿಯಿಂದ ತೋರಿಸಿ ಅಂದ: "ಇದು ಒಂದಿಂಚು ತಾನೇ ಸಾರ್, ಒಂದು ಪಟ್ಟಿ ಹೊಡೆದು ಬಿಟ್ಬುಡೋಣ. ಆ ಹೊಸ್ತಿಲು ಕಿತ್ತಾಕ್ಬುಡಿ."

ಒಂದಿಂಚು ತಾನೇ. ನನ್ನವಳು ಬಿದ್ದಾಗ ಆದ ಸದ್ದು ನೆನಪಾಯಿತು. ಅವನನ್ನು ಕಳಿಸಿ, ಐವತ್ತೈದಕ್ಕೆ ಫೋನ್ ಮಾಡಿದೆ. ಯಾವಾಗ ಬರುತ್ತೀರಿ ಎಂದಷ್ಟೇ ಕೇಳಿದೆ. ನಾಳೆ ಏಳಕ್ಕೆ ಎಂದರು.

ಏಳಕ್ಕೆಂದರೆ ಏಳಕ್ಕೇ. ಕಾರ್ಖಾನೆ ಮುಚ್ಚಿದ್ದರೂ ಅವರೊಳಗೆ ಸೈರನ್ ಕೂಗುತ್ತಿತ್ತು. ಹತ್ತು ಗಂಟೆಗೆ ಟೀ, ಅದೂ ಹತ್ತೇ ನಿಮಿಷ. ಮಂಡಿಗೆ ಹಳೇ ಟ್ಯೂಬಿನ ರಬ್ಬರ್ ಕಟ್ಟಿಕೊಂಡು ಕೂತರೆ ಮಧ್ಯಾಹ್ನದ ತನಕ ಏಳುತ್ತಿರಲಿಲ್ಲ. ಗಾರೆ ಕಲಸಿಕೊಡಲು ಅವರ ಭಾಮೈದ ಇದ್ದರು. ನಾನು ಆರಿಸಿ ತಂದಿದ್ದ ಕನ್ನಡಿಯಂಥ ಟೈಲ್ಸಿನ ಡಬ್ಬಿಯನ್ನು ಇವರು ತೆರೆದು ನೋಡಿ, ಮುಖ ನೋಡಿಕೊಳ್ಳೋಕೆ ಬೇರೆ ಇದೆಯಲ್ಲ ಸಾರ್ ಎಂದು ನಕ್ಕು, ತಾವೇ ಅಂಗಡಿಗೆ ಬಂದು ಜಾರದಂಥ ಒರಟು ಮೈಯಿನದಕ್ಕೆ ಬದಲಾಯಿಸಿಕೊಟ್ಟರು. ಅಡುಗೆಮನೆಯ ಕಡಪ ಕಲ್ಲು ಕಿತ್ತು ಅದನ್ನು ಇಳಿಸಿದರು, ಹಾಲು ರೂಮುಗಳನ್ನು ಏರಿಸಿದರು. ಬಾಗಿಲುಗಳ ಬುಡ ಕೊಯ್ಯಲು ಬಡಗಿಯನ್ನು ಅವರೇ ಕರೆತಂದರು.

ನನ್ನನ್ನು ಚುಚ್ಚಿದ್ದು ಇದು. ದಿನಾ ಸಂಜೆ ಕೆಲಸ ಮುಗಿದ ಮೇಲೆ ಹಿಂದಿನ ದಿನ ಕೂರಿಸಿದ ಒಂದೊಂದು ಟೈಲ್ಸನ್ನೂ ನಾಣ್ಯದಿಂದ ತಟ್ಟಿ ಕೇಳುವರು. ಅಡಿಯಲ್ಲಿ ಗಾರೆ ತುಂಬದೆ ಪೊಳ್ಳಿದ್ದರೆ ಸದ್ದು ಬೇರೆ ಬರುತ್ತದೆ. ಅಂಥದ್ದು ಸಿಕ್ಕಿದರೆ ಕೆಂಪು ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದು, ಯಾರಿಗೂ ಅಲ್ಲದೆ ತಮಗೇ ಹೇಳಿಕೊಳ್ಳುವಂತೆ 'ರಿಜೆಕ್ಟ್' ಅನ್ನುವರು. ಮಾರನೇ ಬೆಳಿಗ್ಗೆ ಕಿತ್ತು ಹೊಸದು ಹಾಕುವರು. ಒಂದು ಸಂಜೆ ಹಾಗೆ ಏಳು ಟೈಲ್ಸಿಗೆ ಕೆಂಪು ಬಿತ್ತು. ಆ ಮಾತು ಬಂದಾಗಲೆಲ್ಲ ನಾನು ಅಡುಗೆಮನೆಗೆ ಹೋಗಿ ನೀರು ಕುಡಿಯುತ್ತಿದ್ದೆ.

ಹೊಸ್ತಿಲನ್ನು ಅವರು ಕೊನೆಗೆ ಇಟ್ಟುಕೊಂಡಿದ್ದರು. ನೆಲ ಏರಿದ್ದರಿಂದ ಅದು ಒಳಗಡೆ ಒಂದಿಂಚಷ್ಟೇ ಉಳಿದಿತ್ತು. ಆ ಒಂದಿಂಚನ್ನು ನಾಲ್ಕಡಿ ಉದ್ದಕ್ಕೆ ಹರಡಿ, ಒಳಗಿನಿಂದ ಮೆಲ್ಲಗೆ ಏರುವ ಇಳಿಜಾರು ಮಾಡಿದರು. ಹೊರಗೆ ಮೆಟ್ಟಿಲಿದ್ದ ಕಡೆ ಇನ್ನೂ ಉದ್ದದ್ದು. ಎರಡೂ ಬಂದು ಹೊಸ್ತಿಲಿನ ಮೈಗೆ ಸಮವಾಗಿ ಕೂಡಿಕೊಂಡವು. ಮರ ಪೂರ್ತಿ ಕಾಣುತ್ತಿತ್ತು, ಅರಿಶಿನ ಹಚ್ಚಲು ಜಾಗವಿತ್ತು, ಕಾಲಿಗೆ ಸಿಗುವಂಥದ್ದೇನೂ ಇರಲಿಲ್ಲ. ಅಗ್ರಹಾರದಿಂದ ಒಂದು ದಿನದ ಮಟ್ಟಿಗೆ ವಾಕರ್ ತರಿಸಿ, ತಾವೇ ಅದನ್ನು ಹಿಡಿದು, ಕಣ್ಣು ಮುಚ್ಚಿ, ಎಡಗಾಲು ಮೊದಲಿಟ್ಟು ಗೇಟಿನಿಂದ ಬಚ್ಚಲಿನ ತನಕ ನಡೆದರು. ಎರಡು ಕಡೆ ನಿಂತು ಗುರುತು ಹಾಕಿದರು. ಆ ಎರಡನ್ನೂ ಮತ್ತೆ ಕಿತ್ತರು.

ಒಂಬತ್ತನೇ ದಿನ ಮಧ್ಯಾಹ್ನ ಎಲ್ಲ ಮುಗಿಯಿತು. ನೆಲ ಒರೆಸಿ, ಕರಣೆ ತೊಳೆದು, ಉಕ್ಕಿನ ಗುಂಡನ್ನೂ ನಾಣ್ಯವನ್ನೂ ನನ್ನ ಕೈಗೆ ಕೊಟ್ಟು, ಇನ್‌ಸ್ಪೆಕ್ಷನ್ ಮಾಡಿ ಸಾರ್ ಅಂದರು. ಎರಡು ಹೆಜ್ಜೆ ಹಿಂದೆ ಹೋಗಿ ನಿಂತರು.

ನಾನು ಮಂಡಿಯೂರಿದೆ. ಗುಂಡನ್ನು ನೆಲಕ್ಕೆ ಬಿಡಲು ಆಗಲಿಲ್ಲ.

"ಆವತ್ತಿನ ಟ್ರೇ," ಅಂದೆ, ಅವರ ಕಡೆ ತಿರುಗದೆ. "ನಿಮ್ಮ ಪೀಸೆಲ್ಲ ಸರಿಯಾಗೇ ಇದ್ದವು. ನನ್ನ ಗೇಜು ಸವೆದಿತ್ತು. ಎರಡು ದಿನಕ್ಕೇ ಗೊತ್ತಾಯಿತು. ಹೇಳಲಿಲ್ಲ."

ಹಿಂದೆ ಕರಣೆ ಒರೆಸುತ್ತಿದ್ದ ಬಟ್ಟೆಯ ಸದ್ದು ನಿಂತಿತು.

"ಗೊತ್ತಿತ್ತು ಸಾರ್," ಅಂದರು. "ಒಂದು ಪೀಸು ತಕ್ಕೊಂಡೋಗಿ ಪಕ್ಕದ ಶಾಪಿನ ಗೇಜಲ್ಲಿ ನೋಡಿದ್ದೆ. ಹೋಗಬಾರದ ತುದಿ ಒಳಗೋಗ್ಲಿಲ್ಲ."

ಹಾಗಾದರೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಗೇಜು ತಪ್ಪು ಎಂದು ಬರೆಸಿದ್ದರೆ ತಿಂಗಳ ಕೊನೆಯಲ್ಲಿ ಇಡೀ ಶಾಪಿನ ಮಾಲು ನಿಲ್ಲಿಸಿ ಮತ್ತೆ ನೋಡುತ್ತಿದ್ದರು, ಎಲ್ಲರ ಹೊಟ್ಟೆಗೂ ಹೊಡೆತ ಬೀಳುತ್ತಿತ್ತು ಎಂದರು. ಆಮೇಲೆ ದನಿ ಸ್ವಲ್ಪ ತಗ್ಗಿತು.

"ನೀವು ನಂಗೊಬ್ಬನಿಗಾದ್ರೂ ಬಂದು ಹೇಳ್ತೀರಿ ಅಂತ ಕಾಯ್ದೆ. ಸುಮಾರು ದಿನ ಕಾಯ್ದೆ. ಆಮೇಲೆ ಬುಟ್ಬುಟ್ಟೆ."

ಇಷ್ಟು ಹೇಳಿಸಿಕೊಂಡ ಮೇಲೆ ಮುಚ್ಚಿಡಲು ಏನೂ ಉಳಿದಿರಲಿಲ್ಲ. ಐವತ್ತೈದು ಅಂದಾಗ ಸೇಡು ತೀರಿಸಿಕೊಳ್ಳುತ್ತಿದ್ದೀರಿ ಅಂದುಕೊಂಡೆ ಎಂಬುದನ್ನೂ ಹೇಳಿಬಿಟ್ಟೆ. ಅವರಿಗೆ ನಗು ಬಂತು.

"ಸೇಡಿಗೆ ಅಡಿ ಲೆಕ್ಕ ಯಾಕ್ ಸಾರ್," ಅಂದರು. "ಬಚ್ಚಲ ಬಾಗ್ಲಲ್ಲಿ ಒಂದು ಟೈಲ್ಸ್ ಪೊಳ್ಳು ಬುಟ್ಟಿದ್ರೆ ಸಾಕಾಯ್ತಿತ್ತು. ಬುಡಿ ಈಗ ಆ ಗುಂಡ."

ಬಿಟ್ಟೆ. ಅದು ಇಟ್ಟಲ್ಲೇ ನಿಂತಿತು. ರೂಮಿನ ಬಾಗಿಲಲ್ಲಿಟ್ಟೆ, ನಿಂತಿತು. ಅಡುಗೆಮನೆಯಲ್ಲೂ ನಿಂತಿತು. ಎಷ್ಟೋ ವರ್ಷದಿಂದ ಎದೆಯಲ್ಲಿ ಅತ್ತಿತ್ತ ಉರುಳುತ್ತಿದ್ದದ್ದೂ ಆಗಲೇ ನಿಂತಿತು. ನನಗೆ ಅಳು ಬಂತು, ಅತ್ತೆ. ಅವರು ಕಾಣದವರಂತೆ ಚೀಲ ಕಟ್ಟಿಕೊಳ್ಳುತ್ತಿದ್ದರು. ಅವರು ಮಾತು ಕೊಟ್ಟಂತೆ ಐವತ್ತೈದರ ಮೇಲೆ ಒಂದು ರೂಪಾಯಿ ಕೇಳಲಿಲ್ಲ. ಜಾಸ್ತಿ ಕೊಡಹೋದರೆ ತೆಗೆದುಕೊಳ್ಳಲೂ ಇಲ್ಲ.

ಶ್ರಾವಣದ ಮೊದಲ ಶುಕ್ರವಾರ ನನ್ನವಳು ಆಟೋದಿಂದ ಇಳಿದಳು. ನಾನು ಪಕ್ಕದಲ್ಲೇ ಕೈ ಚಾಚಿಕೊಂಡು ನಡೆದೆ. ಅವಳು ವಾಕರ್ ಇಟ್ಟಳು, ಎಡಗಾಲು ಇಟ್ಟಳು. ಮತ್ತೆ ವಾಕರ್, ಮತ್ತೆ ಕಾಲು. ಹೊಸ್ತಿಲು ದಾಟಿ ಹಾಲಿಗೆ ಬಂದು, ರೂಮು ಹೊಕ್ಕು, ತಿರುಗಿ ನೋಡಿ, "ರೀ, ಆ ಮೆಟ್ಟಿಲು ಎಲ್ಲಿ?" ಅಂದಳು. ನನ್ನ ಚಾಚಿದ ಕೈ ಅಷ್ಟೂ ದೂರ ಖಾಲಿಯಾಗೇ ಬಂದಿತ್ತು. ಅಷ್ಟು ಹಗುರವಾದ ಕೈ ನನಗೆ ಹಿಂದೆಂದೂ ಇದ್ದದ್ದು ನೆನಪಿಲ್ಲ. ಅವಳಿಗೆ ಬಗ್ಗಲಾಗದ ಕಾರಣ ಆವತ್ತು ಹೊಸ್ತಿಲಿಗೆ ಅರಿಶಿನ ಹಚ್ಚಿದವನು ನಾನು. ಕುರ್ಚಿಯಲ್ಲಿ ಕೂತು, ಅಲ್ಲಿ ಬಿಟ್ಟಿರಿ, ಇಲ್ಲಿ ಬಿಟ್ಟಿರಿ ಎಂದು ಅವಳು ಇನ್‌ಸ್ಪೆಕ್ಷನ್ ಮಾಡಿದಳು. ಆ ಸಂಜೆ ಟ್ರೇಯ ಕಥೆಯನ್ನು ಅವಳಿಗೂ ಹೇಳಿದೆ. ಬೈದಳು. ಬೈಸಿಕೊಂಡೆ.

ಇದಾಗಿ ಮೂರು ವರ್ಷವಾಯಿತು. ವಾಕರ್ ಈಗ ಹಿತ್ತಲಲ್ಲಿ ಟವೆಲ್ ಒಣಗಿಸುವ ಸಾಮಾನು. ಅವರು ಮಾತ್ರ ಕೆಲಸ ಬಿಟ್ಟರು. ಊರಿನವರೆಲ್ಲರ ನೆಲ ಮಟ್ಟ ಮಾಡಿದವರ ಮಂಡಿ ಎರಡೂ ಸವೆದಿವೆ. ಚದರಡಿಯ ರೇಟು ಕೇಳುವವರು ಇದನ್ನು ಕೂಡಿಸಿಕೊಳ್ಳುವುದಿಲ್ಲ, ನಾನೂ ಪೇಪರಿನ ಅಂಚಿನಲ್ಲಿ ಕೂಡಿಸಿರಲಿಲ್ಲ.

ಹೋದ ತಿಂಗಳು ಕೋಲೂರಿಕೊಂಡು ನಮ್ಮ ಮನೆಗೆ ಬಂದಿದ್ದರು, ಮೊದಲ ಸಲ ಕೆಲಸಕ್ಕಲ್ಲದೆ, ನೆಂಟರಂತೆ. ಊಟ ಮಾಡಿದರು. ಹೊರಡುವಾಗ ಒಳಗಿನ ಇಳಿಜಾರು ಹತ್ತಿ, ಹೊಸ್ತಿಲನ್ನು ತುಳಿಯದೆ ದಾಟಿ, ಹೊರಗಿನದನ್ನು ಒಂದೊಂದೇ ಹೆಜ್ಜೆಯಾಗಿ ಇಳಿದು ನಿಂತರು. ಹಿಂದಿರುಗಿ ತಮ್ಮ ಕೆಲಸವನ್ನೇ ಒಂದು ಗಳಿಗೆ ನೋಡಿದರು.

"ಹೊರಗಡೆದು ಒಂದ್ ಕೂದಲೆಳೆ ಇಳಿಜಾರು ಜಾಸ್ತಿ ಆಗದೆ ಸಾರ್," ಅಂದರು. "ಆವತ್ತೇ ನೀವು ರಿಜೆಕ್ಟ್ ಮಾಡ್ಬೇಕಿತ್ತು."

"ಇಲ್ಲ, ಪಾಸ್," ಅಂದೆ.

ಅವರು ಕೋಲಿನ ಮೇಲೆ ಎರಡೂ ಕೈ ಇಟ್ಟು ನನ್ನ ಮುಖ ನೋಡಿದರು.

"ಯಾವ ಗೇಜಲ್ಲಿ ನೋಡುದ್ರಿ ಸಾರ್?"

ಬಾಗಿಲಲ್ಲಿ ನಿಂತಿದ್ದ ನನ್ನವಳಿಗೆ ನಗು ತಡೆಯಲಾಗಲಿಲ್ಲ, ಅವರಿಗೂ. ಮೂವರಲ್ಲಿ ಬಹಳ ಹೊತ್ತು ನಕ್ಕವನು ನಾನೇ.